ಹನ್ನೆರಡನ್ನು ಹತ್ತೆಂದು ಬರೆಯಬೇಡಿ

ಸರಳ ಯಂತ್ರಗಳು ಆರು: ಸನ್ನೆ, ಗಾಲಿ ಮತ್ತು ಅಚ್ಚು, ರಾಟೆ, ಇಳಿಜಾರು, ಬೆಣೆ, ತಿರುಪು. ಈ ಪಟ್ಟಿಯನ್ನು ನಮ್ಮ ಹೈಸ್ಕೂಲು ವಿದ್ಯಾರ್ಥಿಗಳು ತಡವರಿಸದೆ ಒಪ್ಪಿಸಬಲ್ಲರು. ಆದರೆ ಬಾಗಿಲಿನ ಹಿಡಿಯು ತಿರುಗಣೆಯಿಂದ ಅಷ್ಟು ದೂರದಲ್ಲಿ ಏಕಿದೆ ಎಂದು ಕೇಳಿದರೆ ಹಲವರು ಮೌನ ತಾಳುತ್ತಾರೆ. ಪಾಠವು ಬಾಯಿಗೆ ಬಂದಿದೆ, ಕೈಗೆ ಬಂದಿಲ್ಲ.

ಯಾವ ಯಂತ್ರವೂ ಕೆಲಸವನ್ನು ಪುಕ್ಕಟೆಯಾಗಿ ಕೊಡುವುದಿಲ್ಲ. ಬಲದಲ್ಲಿ ಉಳಿಸಿದುದನ್ನು ದೂರದಲ್ಲಿ ತೆರಬೇಕು. ಒಂದು ಮೀಟರು ಎತ್ತರದ ಗಾಡಿಗೆ 60 ಕಿಲೋಗ್ರಾಂ ಮೂಟೆಯನ್ನು 6 ಮೀಟರು ಉದ್ದದ ಹಲಗೆಯ ಮೇಲೆ ತಳ್ಳಿದರೆ, ಘರ್ಷಣೆಯಿಲ್ಲದ ಪಕ್ಷದಲ್ಲಿ, 10 ಕಿಲೋಗ್ರಾಂ ತೂಕದಷ್ಟು ಬಲವೇ ಸಾಕು. ಆದರೆ ಆರು ಪಟ್ಟು ದೂರ ತಳ್ಳಬೇಕು. ಕೆಲವೊಮ್ಮೆ ಬಲದ ದಿಕ್ಕು ಬದಲಾದರೂ ಅನುಕೂಲವೇ. ನಮ್ಮ ಹಿರಿಯರು ಕಪಿಲೆಯಲ್ಲಿ ಎತ್ತುಗಳನ್ನು ಇಳಿಜಾರಿನಲ್ಲಿ ಕೆಳಮುಖವಾಗಿ ನಡೆಸಿದುದು ಇದಕ್ಕಾಗಿಯೇ. ಎತ್ತಿನ ಮೈಭಾರವೂ ಎಳೆತಕ್ಕೆ ನೆರವಾಗುತ್ತಿತ್ತು. ರಾಟೆಯು ಆ ಎಳೆತವನ್ನು ತಿರುಗಿಸಿ ನೀರನ್ನು ಮೇಲಕ್ಕೆ ತರುತ್ತಿತ್ತು.

ಇಷ್ಟನ್ನು ಪುಸ್ತಕವೂ ಹೇಳೀತು. ನಿಜವಾದ ಶಿಕ್ಷಣ ಆರಂಭವಾಗುವುದು ಅಳತೆಯಿಂದ. 10 ಕಿಲೋಗ್ರಾಂ ತೂಕದ ಕೊಡವನ್ನು ಸ್ಥಿರ ರಾಟೆಯ ಮೂಲಕ ಮೇಲೆತ್ತುತ್ತ, ಹಗ್ಗದ ತುದಿಗೆ ಸ್ಪ್ರಿಂಗ್ ತಕ್ಕಡಿಯನ್ನು ಸಿಕ್ಕಿಸಿ ಎಳೆಯಿರಿ. ಸೂತ್ರದಂತೆ ಅದು 10 ತೋರಿಸಬೇಕು. ಎಣ್ಣೆ ಕಾಣದ ರಾಟೆಯಾದರೆ 12 ತೋರಿಸಿದರೂ ಆಶ್ಚರ್ಯವಿಲ್ಲ. ಆಗ ವಿದ್ಯಾರ್ಥಿ ಮಾಡುವುದೇನು? ಪ್ರಯೋಗ ಕೆಟ್ಟಿತೆಂದು ಹೆದರಿ, ದಾಖಲೆಯ ಪುಸ್ತಕದಲ್ಲಿ 10 ಎಂದೇ ಬರೆಯುತ್ತಾನೆ. ಅಂಕವೂ ಅದಕ್ಕೇ ದೊರೆಯುತ್ತದೆ!

ನನ್ನ ಅಭಿಪ್ರಾಯದಲ್ಲಿ ಇದು ಸಣ್ಣ ದೋಷವಲ್ಲ. ಎಂಜಿನಿಯರನ ವೃತ್ತಿಯೆಲ್ಲವೂ ಅಡಗಿರುವುದು ಆ ಹೆಚ್ಚಿನ 2ರಲ್ಲಿ. ಅಚ್ಚಿನ ಘರ್ಷಣೆ ಎಷ್ಟು, ಹಗ್ಗ ಬಾಗಲು ತಗಲುವ ಬಲವೆಷ್ಟು, ಎಣ್ಣೆ ಹಾಕಿದರೆ ಎಷ್ಟು ತಗ್ಗೀತು ಎಂಬ ಪ್ರಶ್ನೆಗಳೇ ಅವನ ಪ್ರಶ್ನೆಗಳು. ಘರ್ಷಣೆಯು ಯಾವಾಗಲೂ ಶತ್ರುವೂ ಅಲ್ಲ. ಅದಿಲ್ಲದಿದ್ದರೆ ಮರಕ್ಕೆ ಹೊಡೆದ ಬೆಣೆ ಹೊರಗೆ ಜಾರೀತು, ಕಾರನ್ನೆತ್ತಿದ ತಿರುಪಿನ ಜಾಕು ತಾನಾಗಿ ಕೆಳಕ್ಕಿಳಿದೀತು.

ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಲಾಯಿತು. ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ಅವು ತಾವೇ ತೆರೆದುಕೊಳ್ಳಬೇಕು. ಅಂಥ ಬಾಗಿಲನ್ನು ಕಟ್ಟುವವನಿಗೆ ಶುದ್ಧ ಸೂತ್ರವೊಂದೇ ಸಾಲದು. ಭಾರ, ನೀರಿನ ಒತ್ತಡ, ತುಕ್ಕು, ಘರ್ಷಣೆ ಎಲ್ಲವೂ ಲೆಕ್ಕಕ್ಕೆ ಬರಬೇಕು. ಪ್ರವಾಹವು ಯಾರ ದಾಖಲೆಯ ಪುಸ್ತಕವನ್ನೂ ಓದುವುದಿಲ್ಲ.

ಪಾಠಗಳು ಹೆಚ್ಚು, ವೇಳೆ ಕಡಿಮೆ ಎಂದು ಉಪಾಧ್ಯಾಯರು ಹೇಳಬಹುದು. ಅದು ನಿಜವೇ. ಆದರೆ ವರ್ಷಕ್ಕೆ ಹತ್ತು ಪ್ರಯೋಗಗಳನ್ನು ನಕಲು ಮಾಡಿಸುವುದಕ್ಕಿಂತ ನಾಲ್ಕನ್ನು ಪ್ರಾಮಾಣಿಕವಾಗಿ ಮಾಡಿಸುವುದು ಮೇಲು. ಸೂತ್ರಕ್ಕೂ ಅಳತೆಗೂ ಇರುವ ವ್ಯತ್ಯಾಸವನ್ನು ವಿವರಿಸಿದವನಿಗೆ ಹೆಚ್ಚಿನ ಅಂಕ ಕೊಡುವುದಕ್ಕೆ ಹೊಸ ಕಟ್ಟಡವೂ ಬೇಡ, ಹಣವೂ ಬೇಡ.

ಎಂಜಿನಿಯರಿಂಗ್ ಸೇರಬಯಸುವ ತರುಣ ತರುಣಿಯರು ಪ್ರವೇಶಪರೀಕ್ಷೆಯ ಸ್ಥಾನವನ್ನೂ ಮುಂದಿನ ಸಂಬಳವನ್ನೂ ವಿಚಾರಿಸುವುದು ಸಹಜ. ಅದಕ್ಕೆ ಮೊದಲು ತಮ್ಮನ್ನು ತಾವೇ ಒಂದು ಮಾತು ಕೇಳಿಕೊಳ್ಳಲಿ: ತಕ್ಕಡಿ 12 ತೋರಿಸಿದಾಗ 12 ಎಂದು ಬರೆಯುವ ಧೈರ್ಯವೂ, ಏಕೆಂದು ಹುಡುಕುವ ಕುತೂಹಲವೂ ನನ್ನಲ್ಲಿವೆಯೆ? ಇದ್ದರೆ ಅವರು ಆಗಲೇ ಆ ವೃತ್ತಿಯ ಹೊಸ್ತಿಲನ್ನು ದಾಟಿದ್ದಾರೆ.