ಸರ್ವರ್ ಬಿಚ್ಚುವ ಮೊದಲು ಕೈ ಪಳಗಲಿ

‘ಸರ್ವರ್ ಡೌನ್’ ಎಂಬ ಮಾತು ಈಗ ರೇಷನ್ ಅಂಗಡಿಯ ಸರದಿಯಲ್ಲಿ ನಿಂತ ಅಜ್ಜಿಗೂ ಗೊತ್ತು. ಆದರೆ ಸರ್ವರ್ ದುರಸ್ತಿಯೂ ಒಂದು ಒಳ್ಳೆಯ ಉದ್ಯೋಗ ಎಂಬುದನ್ನು ಕಾಲೇಜಿನಲ್ಲಿರುವ ನಾವೇ ಮರೆತಿದ್ದೇವೆ.

ಬಂಟ್ವಾಳದ ಬೆಂಜನಪದವು, ಬೆಳ್ತಂಗಡಿಯ ಉಜಿರೆ, ಮೂಡುಬಿದಿರೆಯ ಮಿಜಾರು, ಮೂರೂ ಕಡೆ ಎಂಜಿನಿಯರಿಂಗ್ ಕಾಲೇಜುಗಳಿವೆ. ಐಟಿಐ ಓದುವವರಿಗೆ ಕಂಪ್ಯೂಟರ್ ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ನಿರ್ವಹಣೆಯ ಒಂದು ವರ್ಷದ ಟ್ರೇಡ್ ಇದೆ. ಆದರೂ ನಮ್ಮ ಮಾತೆಲ್ಲ ಕೋಡಿಂಗ್ ಸುತ್ತಲೇ.

ಮನೆಯ ಕಂಪ್ಯೂಟರ್ ಬಿಚ್ಚಿದ ಧೈರ್ಯ ಇಲ್ಲಿ ಸಾಲದು. ಸರ್ವರ್‌ಗಳಿಗೆ ಸಾಮಾನ್ಯವಾಗಿ ಎರಡು ಪವರ್ ಸಪ್ಲೈ ಇರುತ್ತವೆ. ಬಟನ್ ಒತ್ತಿ ಆಫ್ ಮಾಡಿದರೂ ಒಳಗೆ ಸ್ಟ್ಯಾಂಡ್‌ಬೈ ವಿದ್ಯುತ್ ಇದ್ದೇ ಇರುತ್ತದೆ. ಮದರ್‌ಬೋರ್ಡ್ ಮುಟ್ಟುವ ಮೊದಲು ಎರಡೂ ಕೇಬಲ್ ತೆಗೆಯಬೇಕು. ಪವರ್ ಸಪ್ಲೈಯನ್ನಂತೂ ಬಿಚ್ಚಲೇಬಾರದು. ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.

ಕಾಣದ ಶತ್ರು ಸ್ಥಿರ ವಿದ್ಯುತ್. ಅದು ನಮ್ಮ ಬೆರಳಿಗೆ ಚುರುಕ್ ಎನ್ನಿಸಲು ಸುಮಾರು 3000 ವೋಲ್ಟ್ ಬೇಕು. ಕೆಲವು ಚಿಪ್ ಹಾಳಾಗಲು 100 ವೋಲ್ಟ್‌ಗಿಂತ ಕಡಿಮೆಯೂ ಸಾಕು. ‘ನಮ್ಮೂರಿನ ಸೆಕೆಯಲ್ಲಿ ಅದೆಲ್ಲಿ?’ ಎನ್ನಬೇಡಿ. ಸರ್ವರ್ ಇರುವುದು ಎಸಿ ಕೋಣೆಯ ಒಣ ಗಾಳಿಯಲ್ಲಿ. ಮಣಿಕಟ್ಟಿಗೆ ಆ್ಯಂಟಿಸ್ಟ್ಯಾಟಿಕ್ ಪಟ್ಟಿ ಕಟ್ಟಿ ಅರ್ತಿಂಗ್ ಕೊಡುವುದು ಅಭ್ಯಾಸವಾಗಬೇಕು.

ದೋಷ ಪತ್ತೆಗೂ ಸಂಯಮ ಬೇಕು. ರೈಡ್ 5 ವ್ಯವಸ್ಥೆಯಲ್ಲಿ ಒಂದು ಡಿಸ್ಕ್ ಕೆಟ್ಟರೆ ಮಾಹಿತಿ ಉಳಿಯುತ್ತದೆ. ಅವಸರದಲ್ಲಿ ಪಕ್ಕದ ಒಳ್ಳೆಯ ಡಿಸ್ಕ್ ಎಳೆದರೆ ಎಲ್ಲವೂ ಹೋಗಬಹುದು. ಅದು ಸಹಕಾರಿ ಸಂಘದ ಸರ್ವರ್ ಆಗಿದ್ದರೆ ಕೃಷಿಕರ ಸಾಲದ ಲೆಕ್ಕ, ಆಸ್ಪತ್ರೆಯದ್ದಾದರೆ ರೋಗಿಗಳ ವರದಿ. ಹಾಗಾಗಿ ಮೊದಲು ಬ್ಯಾಕಪ್ ವಿಚಾರಿಸಬೇಕು, ಲಾಗ್ ಓದಬೇಕು, ಡಿಸ್ಕಿನ ಸೀರಿಯಲ್ ನಂಬರ್ ಬರೆದುಕೊಳ್ಳಬೇಕು. ಸ್ಕ್ರೂಡ್ರೈವರ್ ಆಮೇಲೆ.

ಇದನ್ನು ಪುಸ್ತಕ ಓದಿ ಕಲಿಯಲಾಗದು. ಕಾಲೇಜುಗಳು ಬಳಕೆ ಮುಗಿದ ಸರ್ವರನ್ನು ಗುಜರಿಗೆ ಹಾಕುವ ಬದಲು ಲ್ಯಾಬಿಗೆ ಕೊಡಲಿ. ಒಬ್ಬ ವಿದ್ಯಾರ್ಥಿ ಪಟ್ಟಿ ಓದಲಿ, ಇನ್ನೊಬ್ಬ ಒಂದೊಂದೇ ಹಂತ ಮಾಡಲಿ. ರ‍್ಯಾಕಿನಿಂದ ಇಳಿಸುವಾಗ ಇಬ್ಬರೂ ಕೈ ಹಾಕಲಿ, ಭಾರ ಕಡಿಮೆಯೇನಲ್ಲ. ಸಿಡಿಲು ಜಾಸ್ತಿ ಇರುವ ನಮ್ಮ ತಾಲೂಕುಗಳಲ್ಲಿ ಅರ್ತಿಂಗ್ ಪರೀಕ್ಷೆಯೂ ಪಾಠವಾಗಲಿ.

ನಾಳೆ ಸಂದರ್ಶನದಲ್ಲಿ ‘ಸರ್ವರ್ ಕೆಟ್ಟಿದೆ, ಮೊದಲು ಏನು ಮಾಡುತ್ತೀರಿ?’ ಎಂದು ಕೇಳಿದರೆ ‘ಬಿಚ್ಚಿ ನೋಡುತ್ತೇನೆ’ ಎನ್ನುವವರು ಬಹಳ ಮಂದಿ ಇರುತ್ತಾರೆ. ‘ಬ್ಯಾಕಪ್ ಇದೆಯೇ ಎಂದು ಕೇಳುತ್ತೇನೆ’ ಎನ್ನುವವರಿಗೇ ಕೆಲಸ ಸಿಗಬೇಕು.