ಊರಬಾಗಿಲ ವಿದ್ಯಾಪೀಠವೋ, ಧಾರವಾಡದ ಗುಡ್ಡವೋ?



ಕಮಲಾಪುರದ ಗೃಹಸ್ಥರೊಬ್ಬರು ತಮ್ಮ ಮಗಳ ವಿದ್ಯಾಭ್ಯಾಸದ ವಿಷಯವಾಗಿ ನಮ್ಮ ಅಭಿಪ್ರಾಯವನ್ನು ಬಯಸಿದ್ದಾರೆ. ಮಗಳು ಹೊಸಪೇಟೆಯಲ್ಲಿ ಪದವಿ ಮುಗಿಸಿದ್ದಾಳೆ, ಕನ್ನಡದಲ್ಲಿ ಎಂ.ಎ. ಮಾಡಬೇಕೆಂಬುದು ಅವಳ ಹಂಬಲ. ಊರಬಾಗಿಲಲ್ಲಿಯೇ ಕನ್ನಡ ವಿಶ್ವವಿದ್ಯಾಲಯವಿದೆ. ಮಗಳಾದರೋ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೆನ್ನುತ್ತಾಳೆ. ಮನೆಯಲ್ಲಿ ಊಟ, ಮನೆಯಲ್ಲಿ ನಿದ್ರೆ, ಖರ್ಚೂ ಕಡಿಮೆ. ಹೀಗಿರುವಾಗ ಹೆಣ್ಣುಮಗಳನ್ನು ದೂರ ಕಳುಹಿಸುವುದು ಉಚಿತವೇ ಎಂಬುದು ತಂದೆಯ ಪ್ರಶ್ನೆ. ಈ ಪ್ರಶ್ನೆ ಒಂದು ಮನೆಯದಲ್ಲವಾದ್ದರಿಂದ ಇಲ್ಲಿಯೇ ಉತ್ತರಿಸುತ್ತಿದ್ದೇವೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಕಳೆಯಬೇಕು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಯಾವುದು ದೊಡ್ಡದೆಂದು ಕೇಳುವವರಿದ್ದಾರೆ. ಅವುಗಳ ಹುಟ್ಟಿನ ಉದ್ದೇಶವೇ ಬೇರೆ ಬೇರೆ. ಕರ್ನಾಟಕ ವಿಶ್ವವಿದ್ಯಾಲಯವು 1949ರಲ್ಲಿ ಮುಂಬಯಿಯಲ್ಲಿ ಕಾರ್ಯಾರಂಭ ಮಾಡಿ, ಮರುವರ್ಷ ಧಾರವಾಡಕ್ಕೆ ಬಂದಿತು. ಕಲೆ, ವಿಜ್ಞಾನ, ವಾಣಿಜ್ಯ, ಕಾನೂನು ಎಲ್ಲವನ್ನೂ ಕಲಿಸುವ, ಅನೇಕ ಕಾಲೇಜುಗಳನ್ನು ತನ್ನ ಆಶ್ರಯದಲ್ಲಿಟ್ಟುಕೊಂಡಿರುವ ವಿದ್ಯಾಸಂಸ್ಥೆ ಅದು. ಡಿ.ಸಿ. ಪಾವಟೆಯವರು ಕುಲಪತಿಗಳಾಗಿದ್ದ ಕಾಲದಲ್ಲಿ ಗುಡ್ಡದ ಮೇಲೆ ಅದರ ಕಟ್ಟಡಗಳೆದ್ದವು. ನಮ್ಮ ಕಮಲಾಪುರದ ಕನ್ನಡ ವಿಶ್ವವಿದ್ಯಾಲಯವಾದರೋ 1991ರಲ್ಲಿ ಸಂಶೋಧನೆಗೆಂದೇ ಹುಟ್ಟಿದ್ದು. ನಾಡು, ನುಡಿ, ಶಾಸನ, ಹಸ್ತಪ್ರತಿ, ಜಾನಪದ, ಬುಡಕಟ್ಟುಗಳ ಬದುಕು ಇವುಗಳ ಅಧ್ಯಯನವೇ ಅದರ ಮುಖ್ಯ ಕಾಯಕ. ಸ್ನಾತಕೋತ್ತರ ತರಗತಿಗಳು ಅಲ್ಲಿಗೆ ಅನಂತರ ಬಂದವು.

ಇವೆರಡರ ನಡುವೆ ವೈರವನ್ನು ಕಲ್ಪಿಸುವುದೂ ಸಲ್ಲದು. ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿ ಚಂದ್ರಶೇಖರ ಕಂಬಾರರು ಓದಿದ್ದು ಧಾರವಾಡದಲ್ಲಿ. ಅನಂತರ ಅದೇ ಪೀಠದಲ್ಲಿ ಕುಳಿತ ಎಂ.ಎಂ. ಕಲಬುರ್ಗಿಯವರು ಧಾರವಾಡದಲ್ಲಿಯೇ ಕಲಿತು, ದಶಕಗಳ ಕಾಲ ಅಲ್ಲಿಯೇ ಕಲಿಸಿದವರು. ಬೀಜ ಧಾರವಾಡದ್ದು, ಹೊಲ ಹಂಪಿಯದು ಎಂದು ಯಾರಾದರೂ ಹೇಳಿದರೆ ನಾವು ಅಲ್ಲವೆನ್ನುವುದಿಲ್ಲ.

ಶರಣಸಾಹಿತ್ಯದಲ್ಲಿ ಆಸಕ್ತಿಯುಳ್ಳ ಮನೆಗಳಿಗೆ ಧಾರವಾಡದ ಸೆಳೆತ ಸಹಜವಾದುದು. ಶೂನ್ಯಸಂಪಾದನೆಯನ್ನು 1965ರಿಂದ 1972ರವರೆಗೆ ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದುದು ಅಲ್ಲಿನ ವಿಶ್ವವಿದ್ಯಾಲಯವೇ. ಆರ್.ಸಿ. ಹಿರೇಮಠ, ಸಂ.ಶಿ. ಭೂಸನೂರಮಠ ಮೊದಲಾದವರು ವಚನಗಳ ಅಧ್ಯಯನಕ್ಕೆ ಅಲ್ಲಿ ಹಾಕಿದ ತಳಹದಿ ಅಲ್ಪವಾದುದಲ್ಲ. ಆದರೆ ಹಿರಿಯರ ಹೆಸರನ್ನು ನೋಡಿ ಶಾಲೆ ಸೇರುವುದು, ಅಜ್ಜನ ಕೀರ್ತಿಯನ್ನು ಕೇಳಿ ಮೊಮ್ಮಗನಿಗೆ ಹೆಣ್ಣು ಕೊಟ್ಟಂತೆ. ಈಗ ಪಾಠ ಹೇಳುವವರು ಯಾರು, ವಿಭಾಗದಲ್ಲಿ ಖಾಯಂ ಅಧ್ಯಾಪಕರೆಷ್ಟು, ಅತಿಥಿ ಉಪನ್ಯಾಸಕರೆಷ್ಟು ಎಂಬುದನ್ನೇ ವಿಚಾರಿಸಬೇಕು. ಈ ಮಾತು ಎರಡೂ ಕಡೆಗೆ ಅನ್ವಯಿಸುತ್ತದೆ. ಕನ್ನಡ ವಿಶ್ವವಿದ್ಯಾಲಯಕ್ಕೆ ಸರಕಾರದ ಅನುದಾನ ಸೊರಗಿದ ಸಂಗತಿ, ಸಂಶೋಧನಾರ್ಥಿಗಳು ಸಹಾಯಧನಕ್ಕಾಗಿ ಕಾದ ಸಂಗತಿ ಪತ್ರಿಕೆಗಳನ್ನು ಓದುವ ಕಮಲಾಪುರದವರಿಗೆ ಹೊಸದಲ್ಲ. ನಾಡಿನ ಹೆಸರಿಟ್ಟ ವಿದ್ಯಾಪೀಠವನ್ನು ಬರಿಗೈಯಲ್ಲಿ ನಿಲ್ಲಿಸುವುದು ನಮಗೆ ಖೇದವನ್ನುಂಟುಮಾಡಿದೆ.

ಇನ್ನು ಉದ್ಯೋಗದ ಮಾತು. ಅಧ್ಯಾಪಿಕೆಯಾಗಬೇಕೆಂಬ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸ್ನಾತಕೋತ್ತರ ಪದವಿಯಲ್ಲಿ ಶೇಕಡಾ 55 ಅಂಕಗಳು, ಅದರ ಮೇಲೆ ಎನ್.ಇ.ಟಿ. ಅಥವಾ ರಾಜ್ಯದ ಕೆ-ಸೆಟ್ ಅರ್ಹತೆ ಬೇಕು. ಮೀಸಲು ವರ್ಗದವರಿಗೆ ಅಂಕಗಳಲ್ಲಿ ರಿಯಾಯಿತಿಯುಂಟು. ಹಿಂದೆ ಅನೇಕರು ಹಂಪಿಗೆ ಎಂ.ಫಿಲ್. ಪದವಿಗಾಗಿ ಬರುತ್ತಿದ್ದರು, ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ನಿಯಮಗಳು ಆ ಪದವಿಯನ್ನೇ ನಿಲ್ಲಿಸಿವೆ. ಆದುದರಿಂದ ಹಳೆಯ ವಿದ್ಯಾರ್ಥಿಗಳ ಸಲಹೆಯನ್ನು ಹಾಗೆಯೇ ಸ್ವೀಕರಿಸಲಾಗದು. ಎರಡು ವಿಶ್ವವಿದ್ಯಾಲಯಗಳ ಕನ್ನಡ ಎಂ.ಎ. ಪದವಿಗಳೂ ಈ ಅರ್ಹತೆಗೆ ಸಮಾನವೇ. ವಿಶೇಷ ಹೆಸರಿನ ವಿಷಯವನ್ನು ಆಯ್ದುಕೊಳ್ಳುವವರು ಮಾತ್ರ, ಆ ಹೆಸರು ನೇಮಕಾತಿಯ ಪ್ರಕಟಣೆಗಳಲ್ಲಿ ಕಾಣಿಸುತ್ತದೆಯೇ ಎಂದು ಮುಂಚಿತವಾಗಿ ನೋಡಿಕೊಳ್ಳಲಿ. ಸೇರಿದ ಮೇಲೆ ವಿಚಾರಿಸಿ ಪರದಾಡಿದವರನ್ನು ಬಲ್ಲೆವು.

ಹಾಗಾದರೆ ಈ ಮಗಳು ಎಲ್ಲಿಗೆ ಹೋಗಬೇಕು? ಅವಳ ಒಲವು ಶಾಸನ, ತಾಳೆಗರಿ, ಜನಪದರ ಹಾಡುಗಳ ಕಡೆಗಿದ್ದರೆ ಕಮಲಾಪುರವನ್ನು ಬಿಟ್ಟು ಹೋಗಲು ಕಾರಣವಿಲ್ಲ. ವಿಜಯನಗರದ ಕಲ್ಲುಗಳು ಸುತ್ತಲೂ ಇವೆ, ಹಸ್ತಪ್ರತಿಗಳಿಗಾಗಿಯೇ ಒಂದು ವಿಭಾಗವಿದೆ, ಸ್ವಂತ ಪ್ರಸಾರಾಂಗವಿದೆ. ಹೊರನಾಡುಗಳಿಂದ ವಿದ್ವಾಂಸರು ಹಂಪಿಯನ್ನು ಅರಸಿ ಬರುತ್ತಿರುವಾಗ, ಆ ನೆಲದ ಮಗಳು ಅದನ್ನು ಬಿಟ್ಟೋಡುವುದು ವಿಚಿತ್ರವೇ ಸರಿ. ಆದರೆ ಅವಳು ಬಯಸುವುದು ಸಾಹಿತ್ಯ ಬೋಧನೆಯನ್ನು, ಹಲವು ಶಾಸ್ತ್ರಗಳ ಸಹಪಾಠಿಗಳ ಒಡನಾಟವನ್ನು, ಒಂದು ವಿದ್ಯಾನಗರದ ಗಾಳಿಯನ್ನು ಎಂದಾದರೆ ಧಾರವಾಡವೇ ಲೇಸು. ಹತ್ತಿರವಿದೆ ಎಂಬುದೊಂದೇ ಕಾರಣಕ್ಕೆ ಹೆಣ್ಣುಮಗಳ ಓದನ್ನು ನಿರ್ಧರಿಸುವುದಕ್ಕೆ ನಮ್ಮ ಸಮ್ಮತಿಯಿಲ್ಲ. ಮಗನಾಗಿದ್ದರೆ ಆ ತಂದೆ ದೂರದ ಲೆಕ್ಕವನ್ನು ಹಾಕುತ್ತಿದ್ದರೇ? ಗಂಡುಮಕ್ಕಳನ್ನು ಧಾರವಾಡಕ್ಕೆ ಕಳುಹಿಸುವ ವಾಡಿಕೆ ನಮ್ಮವರಲ್ಲಿ ಹಳೆಯದು; 1883ರಲ್ಲಿಯೇ ಹಿರಿಯರು ಅಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ಮೇಲೆ ಬಂದ ಮನೆತನಗಳೂ ನಮ್ಮಲ್ಲಿ ಸಾಕಷ್ಟಿವೆ. ವಿದ್ಯಾರ್ಥಿನಿಯರಿಗೆ ವಿಶ್ವವಿದ್ಯಾಲಯದ್ದೇ ವಸತಿ ನಿಲಯವಿದೆ. ಹೊಸಪೇಟೆಯಲ್ಲಿ ರೈಲು ಹತ್ತಿದರೆ ಕೊಪ್ಪಳ, ಗದಗ, ಹುಬ್ಬಳ್ಳಿ, ಅದರಾಚೆ ಧಾರವಾಡ. ದೇಶಾಂತರವೇನೂ ಅಲ್ಲ.

ಬಳ್ಳಾರಿಯಲ್ಲಿ 2010ರಲ್ಲಿ ಸ್ಥಾಪಿತವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಹೆಸರನ್ನೂ ಕೆಲವರು ಎತ್ತುವರು. ವಿಜ್ಞಾನ, ವಾಣಿಜ್ಯಗಳ ಮಕ್ಕಳಿಗೆ ಅದು ಸಮೀಪದ ದಾರಿ. ಅದರ ವಿಚಾರ ಇನ್ನೊಮ್ಮೆ.

ಅರ್ಜಿ ಹಾಕುವ ಮುನ್ನ ತಂದೆ ಮಗಳಿಬ್ಬರೂ ಒಂದು ದಿನ ಧಾರವಾಡಕ್ಕೆ, ಒಂದು ದಿನ ಇಲ್ಲಿಯೇ ವಿದ್ಯಾರಣ್ಯದ ಆವರಣಕ್ಕೆ ಹೋಗಿ, ಗ್ರಂಥಾಲಯವನ್ನು ನೋಡಿ, ಎರಡನೆಯ ವರ್ಷದ ವಿದ್ಯಾರ್ಥಿನಿಯರನ್ನು ಮಾತನಾಡಿಸಲಿ. ಕಚೇರಿಯವರು ಹೇಳದ ಸಂಗತಿಗಳನ್ನು ಅವರು ಹೇಳುತ್ತಾರೆ. ಕಲ್ಯಾಣ ಕರ್ನಾಟಕದವರಿಗೆ 371(ಜೆ) ವಿಧಿಯನ್ವಯ ದೊರೆಯುವ ಅರ್ಹತಾ ಪತ್ರವನ್ನು ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಈಗಲೇ ಪಡೆದಿಟ್ಟುಕೊಳ್ಳಲಿ. ಕೊನೆಯ ವಾರದಲ್ಲಿ ಅಲ್ಲಿ ಸರದಿಯ ಸಾಲು ಬಹಳ ಉದ್ದವಾಗಿರುತ್ತದೆ.