ಮದುವೆಗೆ ಮುನ್ನ ಯೆಜ್ಡಿ ಮಾರಬೇಕೆ?

ಜತ್ತ, ಅಕ್ಕಲಕೋಟೆಗಳ ಕಡೆ ವರನ ಮನೆ ನೋಡಲು ಬಂದ ಹಿರಿಯರು ಹೊಲವೆಷ್ಟು, ನೌಕರಿ ಯಾವುದು ಎಂದು ಕೇಳಿ ಮುಗಿಸಿದ ಮೇಲೆ ಅವರ ದೃಷ್ಟಿ ಅಂಗಳದ ಹಳೆಯ ಯೆಜ್ಡಿಯ ಮೇಲೆ ಬೀಳುತ್ತದೆ. ‘ಇನ್ನರೆ ಇದನ್ನ ಮಾರಿಬಿಡೋ ತಮ್ಮಾ, ಸಂಸಾರ ಹೂಡಾಂವ ನೀ’ ಎಂಬ ಬುದ್ಧಿವಾದ ಹೊರಡುತ್ತದೆ.

ಸಾಲ ತೀರಿಸಲು ಮಾರುವುದಾದರೆ ಚರ್ಚೆಗೆ ಎಡೆಯಿಲ್ಲ. ಜವಾಬ್ದಾರಿಯ ಪ್ರಮಾಣಪತ್ರವಾಗಿ ಮಾರಬೇಕೆಂಬುದು ಮಾತ್ರ ಒಪ್ಪತಕ್ಕದ್ದಲ್ಲ. ಯೆಜ್ಡಿಯನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಮುಚ್ಚಿದ್ದು 1996ರಲ್ಲಿ. ಅಲ್ಲಿಯ ಗಾಡಿಯನ್ನು ಇಂದಿಗೂ ಓಡಿಸುವವನು ಬಿಡಿಭಾಗಗಳಿಗಾಗಿ ಸೊಲ್ಲಾಪುರ, ವಿಜಯಪುರಗಳ ಗುಜರಿ ಅಂಗಡಿಗಳನ್ನು ಅಲೆದವನು. ಪೆಟ್ರೋಲಿಗೆ ಅಳೆದು ಎಣ್ಣೆ ಬೆರೆಸಿದವನು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದವನು. ಇಷ್ಟು ತಾಳ್ಮೆಯುಳ್ಳವನು ಸಂಸಾರಕ್ಕೆ ಒದಗಲಾರನೆಂಬುದು ವಿಚಿತ್ರ ತರ್ಕ. (ಹತ್ತು ಬಾರಿ ಒದ್ದರೂ ಚಾಲೂ ಆಗದ ಮುಂಜಾವುಗಳ ಮಾತು ಬೇರೆ.)

ಆದರೆ ವರನ ಈ ವಿರಹಕ್ಕೆ ಮನೆಮಂದಿಯೆಲ್ಲ ಮರುಗುವಾಗ ವಧು ಬಿಟ್ಟುಬರುವುದರ ಲೆಕ್ಕವನ್ನು ಯಾರೂ ಕೇಳುವುದಿಲ್ಲ: ತವರೂರು, ಗೆಳತಿಯರು, ಅನೇಕ ಸಲ ಅರ್ಧಕ್ಕೆ ನಿಂತ ಬಿ.ಎ.; ಮರಾಠಿ ಮನೆತನದಿಂದ ಬಂದವಳಾದರೆ ದಿನದ ಮಾತೂ. ಗಾಡಿಯ ವಿಚಾರವನ್ನು ತರುಣನು ಮೊದಲು ಆಡಬೇಕಾದದ್ದು ಅವಳೊಡನೆ. ಅವಳ ಓದಿನ ಶುಲ್ಕಕ್ಕೆ ಆ ಹಣ ಬೇಕಾದರೆ ಮಾರಲಿ. ಹಳ್ಳಿಯಿಂದ ಕಾಲೇಜಿಗೆ ಹೋಗಲು ಗಾಡಿಯೇ ಬೇಕಾದರೆ ಇಟ್ಟುಕೊಳ್ಳಲಿ, ಹ್ಯಾಂಡಲನ್ನು ಅವಳ ಕೈಗೂ ಕೊಡಲಿ.